ಹವಾ ಬದಲಾವಣೆಗೆ ಹೋಗಿ ಬಂದದ್ದು

ನಜರ್‌ಬಾದ್

ನಮ್ಮ ಮನೆತನದಲ್ಲಿ ಡಾಕ್ಟರಿಗೂ ದೇವರಿಗೂ ಬಗ್ಗದ ಕಾಯಿಲೆಗೆಲ್ಲ ಒಂದೇ ಮದ್ದು, ಹವಾ ಬದಲಾವಣೆ. ಮುತ್ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ಬಂತೆಂದರೆ ದೊಡ್ಡವರ ಸವಾರಿಯ ಹಿಂದೆ ದಫ್ತರ ಹೊತ್ತುಕೊಂಡು ಊಟಿಗೆ ಹೋಗಿ, ತಂಪು ಗಾಳಿ ಕುಡಿದು, ಕೆನ್ನೆ ತುಂಬಿಸಿಕೊಂಡು ಬರುತ್ತಿದ್ದರಂತೆ. ಅರಮನೆಯ ಸಂಬಳ ನಿಂತು ತಲೆಮಾರುಗಳೇ ಕಳೆದರೂ ಆ ಚಾಳಿ ನಮ್ಮನ್ನು ಬಿಟ್ಟಿಲ್ಲ. ಮಗು ಊಟ ಬಿಟ್ಟರೂ, ನೆಂಟಸ್ತನ ಮುರಿದರೂ, ಪರೀಕ್ಷೆಯಲ್ಲಿ ನಪಾಸಾದರೂ ಹಿರಿಯರು ತಲೆದೂಗಿ ಹೇಳುವುದು ಅದನ್ನೇ. ನಾನು ಚಿಕ್ಕವನಿದ್ದಾಗ ಬೆಂಗಳೂರಿನ ನೆಂಟರು ಇದೇ ಮದ್ದಿಗೆಂದು ನಮ್ಮ ನಜರ್‌ಬಾದಿನ ಮನೆಗೆ ಬಂದು ವಾರಗಟ್ಟಲೆ ಝಂಡಾ ಊರುತ್ತಿದ್ದರು. ಆಗ ಮೈಸೂರಿನಲ್ಲಿ ಫ್ಯಾನು ಇದ್ದವರ ಮನೆಯನ್ನು ಜನ ನೋಡಲು ಹೋಗುತ್ತಿದ್ದರು. ಈಗ ಮಾರ್ಚಿ ತಿಂಗಳಲ್ಲೇ ಗೋಡೆ ಮುಟ್ಟಿದರೆ ಕೈ ಸುಡುತ್ತದೆ.

ನನ್ನ ಹೆಂಡತಿ ವನಜಾಳ ಕೆಮ್ಮೂ ಕೊನೆಗೆ ಈ ಮದ್ದಿಗೇ ಬಂದು ನಿಂತಿತು. ಅವಳು ಮೈಸೂರಿನ ಕೆಸರೆ ಬಡಾವಣೆಯ ಒಂದು ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಬೆಳಗಿನ ಪ್ರಾರ್ಥನೆ ಹೇಳಿಕೊಡುವವಳೂ ಅವಳೇ, ಏಕೆಂದರೆ ಮೈಕು ಕೆಟ್ಟರೂ ಅವಳ ದನಿ ಗೇಟಿನ ತನಕ ಕೇಳುತ್ತಿತ್ತು. ಕೆಲವು ವರ್ಷಗಳಿಂದ ಬಂದು ಹೋಗುತ್ತಿದ್ದ ಕೆಮ್ಮು ಈ ಸಲ ಬಂದದ್ದು ಹೋಗಲೇ ಇಲ್ಲ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಒಂದು ಪದ್ಯವನ್ನು ಪೂರ್ತಿ ಹೇಳಲು ಅವಳಿಗೆ ಉಸಿರು ಸಾಲದಾಯಿತು. ರಜೆ ಹಾಕಿ ಮನೆಯಲ್ಲಿ ಕೂತಳು. ನಮ್ಮ ಮನೆಯ ಡಾಕ್ಟರು ಅಲರ್ಜಿ ಎಂದರು, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು, ಪಂಪೂ ಸೋತ ಮೇಲೆ ಕನ್ನಡಕ ತೆಗೆದಿಟ್ಟು, "ವಕೀಲ್ರೇ, ಎಲ್ಲಾದ್ರೂ ಒಳ್ಳೆ ಹವೆ ಇರೋ ಕಡೆ ಕರ್ಕೊಂಡ್ಹೋಗ್ಬನ್ನಿ" ಎಂದರು.

"ಎಲ್ಲಿಗಾದ್ರೂ ಸರಿ ಕಣ್ರೀ," ವನಜಾ ಹೇಳಿದಳು. "ಆದ್ರೆ ಜೂನಿಗೆ ನಾನು ಕ್ಲಾಸಲ್ಲಿರ್ಬೇಕು. ಹೊಸಾ ಮಕ್ಳು ಬರ್ತವೆ, ನನ್ನ ಬಿಟ್ರೆ ಯಾರ ಹತ್ರಾನೂ ಅಳು ನಿಲ್ಸಲ್ಲ."

ಊಟಿಗೆ ಹೋಗೋಣವೆಂದರೆ ಅಲ್ಲಿ ಮನುಷ್ಯರಿಗಿಂತ ಕಾರುಗಳೇ ಹೆಚ್ಚು. ಅಷ್ಟರಲ್ಲಿ ಕೋರ್ಟಿನಲ್ಲಿ ನನ್ನ ಪಕ್ಕದ ಕುರ್ಚಿಯ ವಕೀಲ ಗುರು ತನ್ನ ಫೋನಿನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ಎಂಬ ಊರಿನ ಫೋಟೋ ತೋರಿಸಿದ. ಸುತ್ತ ಹಸಿರು ಬೆಟ್ಟ, ಬೆಟ್ಟದ ಮೇಲೆ ಚಿನ್ನದ ಬಣ್ಣದ ಗೋಪುರ, ಅದರ ಮುಂದೆ ಸ್ವೆಟರ್ ಹಾಕಿಕೊಂಡು ಹಲ್ಲು ಕಿರಿಯುತ್ತಿರುವ ಗುರು. "ಥೇಟ್ ನಮ್ಮ ಚಾಮುಂಡಿ ಬೆಟ್ಟ ಕಣಯ್ಯ, ಏನ್ ಗಾಳಿ ಅಂತೀಯ!" ಎಂದ. ಬೇಸಿಗೆಯಲ್ಲಿ ಬೆಟ್ಟದ ಊರು ತಂಪಾಗಿರಬೇಕು ಎಂಬುದು ಮುತ್ತಾತನಿಂದ ನನಗೆ ಬಂದ ಏಕೈಕ ಆಸ್ತಿ. ಗುರು ಹೋದದ್ದು ಯಾವ ತಿಂಗಳು ಎಂದು ಕೇಳಲಿಲ್ಲ. ಊರು ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂದು ನೋಡಲಿಲ್ಲ. ನೋಡಿದ್ದರೆ ಅದು ಮೈಸೂರಿಗಿಂತ ಎಷ್ಟೋ ತಗ್ಗಿನಲ್ಲಿದೆ ಎಂದು ಗೊತ್ತಾಗುತ್ತಿತ್ತು. ಮಾರ್ಚಿ ತಿಂಗಳಿಗೆ ಟಿಕೆಟ್ಟು ಮಾಡಿಸಿದೆ. ಪೆಟ್ಟಿಗೆಯಲ್ಲಿ ವನಜಾ ಚಟ್ನಿಪುಡಿ, ಹುರಿದ ಅವಲಕ್ಕಿಯ ಜೊತೆಗೆ ಎರಡು ಸ್ವೆಟರು, ಎರಡು ಮಂಕಿ ಕ್ಯಾಪು ತುಂಬಿದಳು.

ವಿಮಾನದ ಕಿಟಕಿ

ಬ್ಯಾಂಕಾಕಿನಲ್ಲಿ ವಿಮಾನ ಬದಲಾಯಿಸಿ ಉತ್ತರಕ್ಕೆ ಹೊರಟೆವು. ವನಜಾ ಕಿಟಕಿಯ ಪಕ್ಕ ಕೂತಿದ್ದಳು. ಇಳಿಯುವ ಹೊತ್ತಿಗೆ ಕೆಳಗೆ ಏನೂ ಕಾಣಲಿಲ್ಲ. ಎಲ್ಲ ಕಡೆ ಬೂದು ಬಣ್ಣದ ಮುಸುಕು.

"ಮಂಜು ನೋಡ್ರೀ!" ಎಂದು ಅವಳು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿದ್ದನ್ನು ಕಂಡೆ. ಪೆಟ್ಟಿಗೆಯ ತಳಕ್ಕೆ ಹಾಕಿದ ಸ್ವೆಟರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕಿತ್ತು ಎಂದು ನಾನೂ ಪೇಚಾಡಿದೆ.

ವಿಮಾನ ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಮಂಜು ಯಾವುದೆಂದು ಮೂಗಿಗೆ ಗೊತ್ತಾಯಿತು. ಒಣಹುಲ್ಲು, ಎಲೆ, ಕಡ್ಡಿ ಎಲ್ಲ ಒಟ್ಟಿಗೆ ಸುಟ್ಟ ವಾಸನೆ. ಸೆಖೆಯೋ, ಒಲೆಯ ಬಾಯಿಯ ಮುಂದೆ ನಿಂತಂತೆ. ಮಧ್ಯಾಹ್ನದ ಸೂರ್ಯ ಕುಂಕುಮದ ಬಟ್ಟಿನ ಹಾಗೆ ಕೆಂಪಗೆ, ನೆಟ್ಟ ಕಣ್ಣಿನಿಂದ ನೋಡಬಹುದಾದಷ್ಟು ಮಂಕಾಗಿದ್ದ. ಟ್ಯಾಕ್ಸಿಯವನು ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮಾಸ್ಕು ಹಾಕಿಕೊಂಡಿದ್ದ. ನಮ್ಮ ಬರಿಮುಖಗಳನ್ನು ನೋಡಿ, ಅಯ್ಯೋ ಪಾಪ ಎನ್ನುವವನಂತೆ, ಡ್ಯಾಶ್‌ಬೋರ್ಡಿನಿಂದ ಎರಡು ಮಾಸ್ಕು ತೆಗೆದು ಹಿಂದಕ್ಕೆ ಚಾಚಿದ. ಮನೆಗೆ ಬಂದವರಿಗೆ ನಾವು ನೀರು ಕೊಡುವ ಹಾಗೆ ಆ ಊರಿನಲ್ಲಿ ಆ ತಿಂಗಳು ಮಾಸ್ಕು ಕೊಡುತ್ತಾರೆ.

ದಾರಿಯಲ್ಲೇ ಗುರುವಿಗೆ ಫೋನು ಹಚ್ಚಿ ಬೈದೆ. "ನಾನು ಹೋಗಿದ್ದು ಡಿಸೆಂಬರಲ್ಲಿ ಕಣಯ್ಯ," ಅವನು ತಣ್ಣಗೆ ಹೇಳಿದ. "ನೀನು ಕೇಳ್ಬೇಕಾಗಿತ್ತಪ್ಪ. ವಕೀಲ ಅಲ್ವಾ ನೀನು?"

ನೋಕ್ ಅವರ ಮನೆ

ನಾವು ಇಳಿದುಕೊಂಡದ್ದು ನೋಕ್ ಎಂಬ ನಡುವಯಸ್ಸಿನ ಹೆಂಗಸು ನಡೆಸುವ ಚಿಕ್ಕ ವಸತಿಗೃಹದಲ್ಲಿ. ಆಕೆ ಬಾಗಿಲಲ್ಲಿ ನಮ್ಮನ್ನು ಕಂಡು ಕೈ ಜೋಡಿಸಿದ್ದು ಸ್ವಾಗತಕ್ಕೋ ಕ್ಷಮೆಗೋ ತಿಳಿಯಲಿಲ್ಲ. "ಈಗ ಯಾಕೆ ಬಂದಿರಿ? ಇದು ಸುಡುವ ಕಾಲ. ಊರಿನವರೇ ಕೈಯಲ್ಲಾದರೆ ದಕ್ಷಿಣದ ಸಮುದ್ರದ ಕಡೆ ಹೋಗಿಬಿಡುತ್ತಾರೆ" ಎಂದು ತುಂಡು ಇಂಗ್ಲಿಷಿನಲ್ಲಿ ಹೇಳಿದರು. ಹೆಂಡತಿಯ ಎದೆಗೆ ಒಳ್ಳೆಯ ಗಾಳಿ ಬೇಕೆಂದು ಬಂದೆವು ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೇಳಿದೆ. ಆಕೆ ನಗಲಿಲ್ಲ.

ನೋಕ್ ಬೆಳಗ್ಗೆ ಎದ್ದು ಮೊದಲು ನೋಡುವುದು ಫೋನಿನಲ್ಲಿ ಗಾಳಿಯ ಬಣ್ಣವನ್ನು. ಹಸಿರಾದರೆ ಒಳ್ಳೆಯದು, ಕೆಂಪಾದರೆ ಕೆಟ್ಟದ್ದು, ನೇರಳೆಯಾದರೆ ಬಾಗಿಲು ತೆರೆಯುವ ಮಾತೇ ಇಲ್ಲ. ನಾವಿದ್ದಷ್ಟು ದಿನ ಹಸಿರು ಕಾಣಲಿಲ್ಲ. ಬಣ್ಣ ನೋಡಿ, ಅಂಗಳದ ಪುಟ್ಟ ದೇವರ ಗೂಡಿಗೆ ಹೂವನ್ನೂ ಕೆಂಪು ಶರಬತ್ತಿನ ಬಾಟಲಿಯನ್ನೂ ಇಟ್ಟು, ಆಮೇಲೆ ನಮ್ಮ ಕೋಣೆಗೆ ಬಂದು ಕಿಟಕಿಯ ಸಂದಿಗಳಿಗೆ ಅಂಟಿಸಿದ ಟೇಪು ಬಿಟ್ಟುಕೊಂಡಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ಕೋಣೆಯ ಮೂಲೆಯಲ್ಲಿ ಗಾಳಿ ಸೋಸುವ ಯಂತ್ರ ಗುಂಯ್‌ಗುಡುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ನಮ್ಮ ಮನೆಯ ಹೆಂಗಸರು ನೊಂದುಕೊಳ್ಳುವ ಹಾಗೆ ಈಕೆ ತಮ್ಮೂರಿನ ಗಾಳಿಗೆ ನೊಂದುಕೊಳ್ಳುತ್ತಿದ್ದರು.

ಮೀನಿನ ರಸ ಹಾಕದ ಅಡುಗೆ ಬೇಕೆಂದು ನಾನು ಮೊದಲ ದಿನ ಕೈಬಾಯಿ ಆಡಿಸಿ ಹೇಳಿದ್ದಕ್ಕೆ ಮೀನನ್ನೇ ತಂದಿಟ್ಟಿದ್ದರು. ಎರಡನೇ ದಿನದಿಂದ ಅನ್ನ, ಬೇಯಿಸಿದ ತರಕಾರಿ, ನಮ್ಮ ಚಟ್ನಿಪುಡಿ. ಖಾರವೆಂದು ನಾವು ಬೇಡ ಬೇಡವೆಂದರೂ ಅದನ್ನು ನೋಕ್ ಒಂದು ಚಿಟಿಕೆ ನೆಕ್ಕಿ ನೋಡಿ, ಸಣ್ಣ ಡಬ್ಬಿಗೆ ತುಂಬಿಸಿಕೊಂಡು ಹೋದರು.

"ಯಾರು ಸುಡುತ್ತಾರೆ?" ಎಂದು ಕೇಳಿದೆ. ವಕೀಲನಿಗೆ ಪ್ರತಿವಾದಿ ಬೇಕಲ್ಲ. ಬೆಟ್ಟದ ಮೇಲೆ ಮೆಕ್ಕೆಜೋಳ ಕಿತ್ತ ಮೇಲೆ ಕೂಳೆ ಸುಡುತ್ತಾರೆ ಎಂದರು. ಕಾಡಿಗೆ ಬೆಂಕಿ ಬೀಳುತ್ತದೆ, ಗಡಿಯಾಚೆಯಿಂದಲೂ ಹೊಗೆ ಬರುತ್ತದೆ ಎಂದರು. ಊರಿನವರು ಬೆಟ್ಟದವರನ್ನು ತೋರಿಸುತ್ತಾರಂತೆ, ಬೆಟ್ಟದವರು ಜೋಳ ಕೊಳ್ಳುವವರನ್ನು. ಮೊದಲು ಹೊಗೆ ಕೆಲವು ವಾರ ಇದ್ದು ಮಳೆಗೆ ಇಳಿದುಹೋಗುತ್ತಿತ್ತಂತೆ. ಈಗ ಮಳೆ ಯಾವಾಗ ಬರುತ್ತದೆಂಬ ನಂಬಿಕೆಯಿಲ್ಲ, ಸೆಖೆ ಮಾತ್ರ ಮೊದಲೇ ಬಂದು ಕೂರುತ್ತದೆ. ಆಕೆಯ ತಾಯಿಗೆ ಈ ತಿಂಗಳಲ್ಲಿ ಮೂಗಿನಿಂದ ರಕ್ತ ಬರುತ್ತದೆ.

"ನಿಮ್ಮೂರಿನ ಬಣ್ಣ ಯಾವುದು?" ನೋಕ್ ಕೇಳಿದರು.

"ನಮ್ಮದು ಸ್ವಚ್ಛ ನಗರ" ಎಂದೆ ನಾನು. ಮೈಸೂರಿನವರು ಹೊರಗೆ ಹೋದಾಗ ಅರಮನೆ, ಮಲ್ಲಿಗೆ, ಪಾಕು ಆದ ಮೇಲೆ ಹೇಳುವ ಮಾತು ಅದು. "ಅದನ್ನೆಲ್ಲ ನೋಡುವ ಅಗತ್ಯ ನಮಗೆ ಬಿದ್ದಿಲ್ಲ."

ವನಜಾ ತಲೆ ಎತ್ತದೆ ಅವಲಕ್ಕಿಯಲ್ಲಿದ್ದ ಕಡಲೆಬೀಜ ಆರಿಸಿ ಆರಿಸಿ ಬದಿಗಿಡುತ್ತಿದ್ದಳು.

ಬೆಟ್ಟದ ದೇವಸ್ಥಾನ

ಕೋಣೆಯಲ್ಲಿ ಕೂತು ಕೂತು ಸಾಕಾಗಿತ್ತು. ಫೋಟೋದಲ್ಲಿದ್ದ ಗೋಪುರದ ಬೆಟ್ಟ ಹತ್ತಿದರೆ ಹೊಗೆ ಕೆಳಗುಳಿದೀತು ಎಂದು ನಾನು ಲೆಕ್ಕ ಹಾಕಿದೆ. ನೋಕ್ ಬೇಡವೆಂದರು. ಅಷ್ಟು ದೂರ ಬಂದು ದೇವರ ಮುಖ ನೋಡದೆ ಹೋಗುವುದೇ ಎಂದು ವನಜಾಳೂ ಹೊರಟಳು. ಹಿಂಭಾಗದಲ್ಲಿ ಎದುರುಬದುರು ಬೆಂಚು ಹಾಕಿದ ಕೆಂಪು ವ್ಯಾನಿನಲ್ಲಿ ತಿರುವುಗಳನ್ನು ಹತ್ತಿ ಹೋದೆವು. ಒಂದು ತಿರುವಿನಲ್ಲಿ ವ್ಯಾನು ನಿಲ್ಲಿಸಿ, ಇಲ್ಲಿಂದ ಇಡೀ ಊರು ಕಾಣುತ್ತದೆ ಎಂದು ಡ್ರೈವರ್ ಅಭ್ಯಾಸಬಲದಿಂದ ಕೈ ತೋರಿಸಿದ. ಊರಿರಲಿ, ಕಟಾಂಜನದಾಚೆಯ ಮರವೂ ಕಾಣಲಿಲ್ಲ. ಅವನೇ ನಕ್ಕು ಮತ್ತೆ ಹತ್ತಿ ಕೂತ.

ದೇವಸ್ಥಾನದ ಮೆಟ್ಟಿಲುಗಳ ಎರಡೂ ಬದಿಗೆ ಹಾವಿನ ಮೈಯ ಆಕಾರದ ಉದ್ದನೆಯ ಕೈಪಿಡಿಗೋಡೆ. ಕೆಳಗೆ ಹೂವು ಮಾರುವವರು, ಎಳನೀರಿನವರು, ಮಣಿಸರದವರು. ನಮ್ಮ ಬೆಟ್ಟದ ಹಾಗೆ ಕೂಗಿ ಕರೆಯುವುದಿಲ್ಲ, ಮಾಸ್ಕಿನೊಳಗಿಂದ ಕೂಗುವುದಾದರೂ ಹೇಗೆ? ವನಜಾ ಮೊದಲ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಅರ್ಧದಷ್ಟೂ ಹತ್ತಿರಲಿಲ್ಲ. ಹಾವಿನ ಮೈ ಹಿಡಿದು ನಿಂತಳು, ಕೂತಳು, ಮಾಸ್ಕು ಕಿತ್ತು ಬಾಯಿ ತೆರೆದಳು. ಬಾಯಿ ತೆರೆದರೂ ಒಳಗೆ ಹೋಗಬೇಕಾದದ್ದು ಹೋಗುತ್ತಿಲ್ಲ. ಪಂಪು ಎಳೆದರೂ ಆಗಲಿಲ್ಲ. ತುಟಿ ನೇರಳೆಹಣ್ಣು ತಿಂದವರ ಹಾಗೆ ಆಯಿತು.

ನಾನು ಕೋರ್ಟಿನಲ್ಲಿ ಎಂಥ ಜಡ್ಜಿಯ ಮುಂದೂ ತಡವರಿಸದವನು. ಅಲ್ಲಿ "ಯಾರಾದ್ರೂ ಬನ್ರಪ್ಪ, ಯಾರಾದ್ರೂ ಬನ್ನಿ" ಎಂದು ಕನ್ನಡದಲ್ಲಿ ಕೂಗಿಕೊಂಡೆ. ಮೆಟ್ಟಿಲಿಳಿದು ಬರುತ್ತಿದ್ದ ಮುದುಕಿಯೊಬ್ಬಳು ತನ್ನ ಬಿದಿರಿನ ಬೀಸಣಿಗೆಯಿಂದ ಅವಳಿಗೆ ಗಾಳಿ ಬೀಸತೊಡಗಿದಳು. ಆ ಗಾಳಿಯೇ ವಿಷವಾಗಿದ್ದರೂ ಆ ತಾಯಿಯ ಕೈ ನಿಲ್ಲಲಿಲ್ಲ. ಇಬ್ಬರು ಹೂವಿನವರು ವನಜಾಳನ್ನು ಎತ್ತಿಕೊಂಡು ಕೆಳಗಿಳಿಸಿ ಅದೇ ಕೆಂಪು ವ್ಯಾನಿನಲ್ಲಿ ಮಲಗಿಸಿದರು. ದೇವರ ಮುಖ ನಾವು ನೋಡಲೇ ಇಲ್ಲ.

ಆಸ್ಪತ್ರೆ

ಆಮ್ಲಜನಕದ ನಳಿಗೆ ಹಾಕಿ ಮಲಗಿಸಿದ ಮೇಲೆ ಅವಳ ತುಟಿಗೆ ಬಣ್ಣ ಬಂತು. ಮರುದಿನ ಸ್ಕ್ಯಾನು ಮಾಡಿದರು, ಒಂದು ಕೊಳವೆಯೊಳಗೆ ಜೋರಾಗಿ ಊದಿಸಿದರು. ಡಾಕ್ಟರು ನಮಗೆ ಮಗಳಾಗಬಹುದಾದ ವಯಸ್ಸಿನ ಹೆಂಗಸು. ಪರದೆಯ ಮೇಲಿನ ಚಿತ್ರದಿಂದ ಕಣ್ಣು ತೆಗೆಯದೆ ಇಂಗ್ಲಿಷಿನಲ್ಲಿ ಕೇಳಿದರು: "ಎಷ್ಟು ವರ್ಷದಿಂದ ಸಿಗರೇಟು ಸೇದುತ್ತಿದ್ದೀರಿ?"

ವನಜಾ ನನ್ನ ಮುಖ ನೋಡಿದಳು. ನನಗೆ ಪಿತ್ತ ನೆತ್ತಿಗೇರಿತು. "ಏನು ಮಾತಾಡುತ್ತಿದ್ದೀರಿ? ನಮ್ಮ ಮನೆಯಲ್ಲಿ ಗಂಡಸರೇ ಬೀಡಿ ಸಿಗರೇಟು ಮುಟ್ಟುವುದಿಲ್ಲ. ಇವರು ಮೇಡಂ, ಮಕ್ಕಳಿಗೆ ಪಾಠ ಹೇಳುವವರು. ನಿಮ್ಮೂರಿನ ಹೊಗೆ ಇವರನ್ನು ಈ ಸ್ಥಿತಿಗೆ ತಂದಿದೆ. ಇಲ್ಲಿ ಸಿಗರೇಟಿನ ಮಾತು ಯಾಕೆ?"

ಡಾಕ್ಟರು ನನ್ನ ವಾದ ಮುಗಿಯುವ ತನಕ ಕಾದರು. ಆಮೇಲೆ ವನಜಾಳ ಕಡೆಗೇ ತಿರುಗಿದರು.

"ಸೌದೆ ಒಲೆಯೇ?"

"ಇಲ್ಲ, ಗ್ಯಾಸು."

"ಕಾರ್ಖಾನೆಯಲ್ಲಿ ಕೆಲಸ?"

"ಶಾಲೆಯಲ್ಲಿ."

"ಶಾಲೆಯ ಪಕ್ಕದಲ್ಲಿ ಏನಿದೆ?"

ವನಜಾ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ತನಗೆ ಬರುವ ಮೇಷ್ಟರ ಇಂಗ್ಲಿಷಿನಲ್ಲಿ ಹೇಳಿದಳು. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡು ಖಾಲಿ ಸೈಟಿದೆ. ಸುತ್ತಲಿನ ಮನೆಯವರು, ಅಂಗಡಿಯವರು ಬೆಳಗ್ಗೆ ಎದ್ದು ಬಾಗಿಲು ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಗುಡಿಸಿದ್ದನ್ನೆಲ್ಲ ತಂದು ಅಲ್ಲಿ ಸುರಿಯುತ್ತಾರೆ. ಎಲೆ, ಪ್ಲಾಸ್ಟಿಕ್ ಕವರು, ರಬ್ಬರ್ ಚಪ್ಪಲಿ, ತೆಂಗಿನ ಗರಿ. ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಯಾರೋ ಕಡ್ಡಿ ಗೀರಿರುತ್ತಾರೆ. ಹೊಗೆ ಗೋಡೆ ಹಾರಿ ಅಂಗಳಕ್ಕೆ ಬರುತ್ತದೆ. ಅವಳು ಜಗಲಿಯ ಮೇಲೆ ನಿಂತು ಉಸಿರೆಳೆದು ಮೊದಲ ಸಾಲು ಎತ್ತಿಕೊಡುವುದು ಅದರೊಳಗೆ. ನಮ್ಮ ಮದುವೆಯಾದ ವರ್ಷದಿಂದ ಅವಳು ಅದೇ ಶಾಲೆಯಲ್ಲಿದ್ದಾಳೆ. ಯಾರನ್ನಾದರೂ ಕೇಳಿದರೆ, "ಊರು ಕ್ಲೀನಾಗಿರ್ಬೇಕಲ್ವಾ ಮೇಡಂ" ಎನ್ನುತ್ತಾರಂತೆ.

ಡಾಕ್ಟರು ನಿಧಾನವಾಗಿ, ಬಿಡಿಸಿ ಹೇಳಿದರು. ಈ ಊರಿನ ಹೊಗೆ ನಿಮ್ಮನ್ನು ಮೆಟ್ಟಿಲ ಮೇಲೆ ಕೆಡವಿದ್ದು ನಿಜ. ಆದರೆ ಈ ಶ್ವಾಸಕೋಶ ಒಂದು ವಾರದಲ್ಲಿ ಹಾಳಾದದ್ದಲ್ಲ, ಬಹಳ ವರ್ಷಗಳಿಂದ ಸವೆದದ್ದು. ಸವೆದದ್ದು ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಆ ಅಂಗಳಕ್ಕೆ ಮತ್ತೆ ಕಾಲಿಡಬೇಡಿ.

"ಜೂನಿನಲ್ಲಿ ಶಾಲೆ ಶುರುವಾಗುತ್ತದೆ" ಎಂದಳು ವನಜಾ.

"ಯಾವ ತಿಂಗಳಾದರೂ."

"ಮಕ್ಕಳೂ ಅಲ್ಲೇ ನಿಂತಿರುತ್ತಾರೆ ಡಾಕ್ಟರ್, ನನ್ನ ಎದುರಿಗೆ. ಆರು ವರ್ಷದವರು. ನಾನು ಹಾಡಿದ್ದನ್ನು ಅವರೂ ಬಾಯಿ ತುಂಬ ಹಾಡುತ್ತಾರೆ."

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಅವರಿಗೂ ನಾನು ಇದೇ ಮಾತು ಹೇಳುತ್ತೇನೆ" ಎಂದರು.

ಅಷ್ಟು ದಿನ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟಿಗೆ ಒಂದು ಪರದೇಶ ಸಿಕ್ಕಿತ್ತು. ಈಗ ಆ ಸಿಟ್ಟನ್ನು ಹೊತ್ತುಕೊಂಡು ಊರಿಗೇ ಹೋಗಬೇಕಿತ್ತು.

ಧೂಳಿಲ್ಲದ ಕೋಣೆ

ಆಸ್ಪತ್ರೆಯಿಂದ ಬಂದ ಮೇಲೆ ವಾಪಸು ಹೊರಡುವ ತನಕ ನಾವು ನೋಕ್ ಮನೆಯ ಕೋಣೆ ಬಿಟ್ಟು ಕದಲಲಿಲ್ಲ. ಆ ಊರಿನಲ್ಲಿ ಹೊಗೆಯ ತಿಂಗಳಿಗೆಂದೇ ಅಲ್ಲಲ್ಲಿ ಧೂಳಿಲ್ಲದ ಕೋಣೆಗಳನ್ನು ಮಾಡಿಟ್ಟಿದ್ದಾರಂತೆ, ಯಾರು ಬೇಕಾದರೂ ಹೋಗಿ ಕೂತು ಉಸಿರಾಡಬಹುದು. ಕೇಳಿ ನನಗೆ ನಗು ಬಂತು, ಹೊಟ್ಟೆಕಿಚ್ಚೂ ಆಯಿತು. ಅವರ ಗಾಳಿ ನಮ್ಮದಕ್ಕಿಂತ ಕೆಟ್ಟದ್ದು. ಆದರೆ ಅದು ಕೆಟ್ಟದ್ದೆಂದು ಹೂವು ಮಾರುವವರಿಗೂ ಗೊತ್ತು, ವ್ಯಾನಿನವನಿಗೂ ಗೊತ್ತು. ನಮ್ಮಲ್ಲಿ ಹೊಗೆಯ ಮುಂದೆ ನಿಂತು ಕೆಮ್ಮುವವನಿಗೆ, "ನೀರು ಬದಲಾಯ್ತೇನೋ, ಕಷಾಯ ಕುಡಿ" ಎನ್ನುತ್ತೇವೆ.

"ಯಾರ ಮೇಲೆ ಕೇಸ್ ಹಾಕ್ತೀರಿ?" ವನಜಾ ಮಲಗಿದಲ್ಲಿಂದಲೇ ಕೇಳಿದಳು. ನಾನು ಗೊಣಗುತ್ತಿದ್ದದ್ದು ಅವಳಿಗೆ ಕೇಳಿಸಿತ್ತು. "ಮೂಲೆ ಅಂಗಡಿ ಶೆಟ್ಟರ ಮೇಲಾ? ದಿನಾ ಮಕ್ಳಿಗೆ ಪೆಪ್ಪರ್‌ಮಿಂಟು ಕೊಡ್ತಾರೆ ಅವ್ರು. ಇಲ್ಲಾ ಸ್ಕೂಲ್ ಎದುರು ಮನೆ ಜಯಮ್ಮನ ಮೇಲಾ? ನಂಗೆ ಹುಷಾರಿಲ್ಲ ಅಂತ ಗೊತ್ತಾಗಿ ಮನೆ ತಂಕ ಬಂದು ರಾಗಿ ಗಂಜಿ ಕೊಟ್ಟು ಹೋದ್ಳು. ಬೆಂಕಿ ಹಚ್ಚೋಳೂ ಅವ್ಳೇ."

ನಾನು ಎದ್ದು ಹೋಗಿ ಕಿಟಕಿಯ ಟೇಪನ್ನು ಒತ್ತಿ ಒತ್ತಿ ಅಂಟಿಸಿದೆ.

"ನಾನು ಜೂನಿಗೆ ಹೋಗ್ತೀನಿ ಕಣ್ರೀ," ಎಂದಳು. "ಹೇಳ್ಬೇಡಿ ಯಾರಿಗೂ, ಡಾಕ್ಟ್ರು ಹಿಂಗಂದ್ರು ಅಂತ."

"ಹೇಳ್ತೀನಿ," ಎಂದೆ. "ಮನೆಗೆ ಹೋದ ಕೂಡ್ಲೆ ಎಲ್ರ ಮುಂದೂ ಹೇಳ್ತೀನಿ. ಸಾಯೋಕೆ ಹೋಗ್ತೀಯಾ?" ಅವಳು ಗೋಡೆಯ ಕಡೆ ಹೊರಳಿದಳು.

ನೋಕ್ ನಮ್ಮನ್ನು ಕಳಿಸಿಕೊಡುವಾಗ ವನಜಾಳ ಎರಡೂ ಕೈ ಹಿಡಿದು, ಮುಂದಿನ ಸಲ ಡಿಸೆಂಬರಿನಲ್ಲಿ ಬನ್ನಿ ಎಂದರು. ಸ್ವೆಟರುಗಳನ್ನು ನಾವು ಆಕೆಯ ತಾಯಿಗೆ ಕೊಟ್ಟು ಬಂದೆವು.

ಮತ್ತೆ ನಮ್ಮ ಬಾಗಿಲು

ಬೆಂಗಳೂರಿನಿಂದ ಕಾರಿನಲ್ಲಿ ಬಂದು ನಜರ್‌ಬಾದಿನ ಮನೆಯ ಮುಂದೆ ಇಳಿದಾಗ ಸಂಜೆಯ ದೀಪ ಹಚ್ಚುವ ಹೊತ್ತು. ನನ್ನ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಪಕ್ಕದ ಮನೆಯವರು ಅವರು. ನಮ್ಮಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ಅವರೇ ತಾಯಿ. ಆಸ್ಪತ್ರೆಯ ಸುದ್ದಿ ಫೋನಿನಲ್ಲಿ ಕೇಳಿ ಅವರು ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಅಲ್ಲೇ ನಿಲ್ಲೇ ವನಜಾ, ಒಳಗ್ ಬರ್ಬೇಡ," ಎಂದರು. "ಪರದೇಶಕ್ಕೆ ಹೊರಟ್ರು ಅಂತ ಈ ಬೀದಿಲಿ ಎಷ್ಟು ಜನ ಕಣ್ಣು ಬಿಟ್ರೋ ಏನೋ. ಅದ್ಕೇ ನಿಂಗೆ ಹಿಂಗಾಗಿರೋದು. ಮೊದ್ಲು ದೃಷ್ಟಿ ತೆಗೀತೀನಿ."

ಒಣಮೆಣಸಿನಕಾಯಿ, ಉಪ್ಪು, ಸಾಸಿವೆ, ಪೊರಕೆಯ ಕಡ್ಡಿ ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ಅವಳ ತಲೆಯಿಂದ ಕಾಲಿನ ತನಕ ನಿವಾಳಿಸಿ, ಹೊಸ್ತಿಲ ಮುಂದಿಟ್ಟ ಕೆಂಡದ ಬಾಣಲೆಗೆ ಸುರಿದರು. ನಾನು ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಚಟಪಟ ಶುರುವಾಗಿತ್ತು. ದೃಷ್ಟಿ ಆಗಿದ್ದರೆ ಸುಟ್ಟ ಮೆಣಸಿನಕಾಯಿ ಘಾಟು ಬರುವುದಿಲ್ಲ, ಆಗಿಲ್ಲದಿದ್ದರೆ ಬರುತ್ತದೆ. ಇದು ನಮ್ಮ ಹೆಂಗಸರ ಪರೀಕ್ಷೆ. ಹೊಗೆ ದಟ್ಟವಾಗಿ ಎದ್ದು ಬಾಗಿಲ ಚೌಕಟ್ಟನ್ನೆಲ್ಲ ತುಂಬಿತು. ನನ್ನ ಕಣ್ಣಲ್ಲಿ ನೀರು ಬಂತು. ನೋಡಲು ಬಂದ ನೆರೆಯ ಹೆಂಗಸರಿಬ್ಬರು ಸೆರಗಿನಿಂದ ಮೂಗೊರೆಸಿಕೊಂಡರು.

"ನೋಡ್ರಮ್ಮ, ಒಂಚೂರಾದ್ರೂ ಘಾಟಿದ್ಯಾ?" ಚಿಕ್ಕಮ್ಮ ಕೇಳಿದರು. ಅವರ ಕಣ್ಣಿನಿಂದಲೂ ಧಾರೆ ಇಳಿಯುತ್ತಿತ್ತು.

"ಇಲ್ಲ ಕಣ್ರೀ, ಏನೇನೂ ಇಲ್ಲ," ಎಂದರು ಹೆಂಗಸರು ಗಂಟಲು ಸರಿಮಾಡಿಕೊಳ್ಳುತ್ತ. "ಎಷ್ಟು ದೃಷ್ಟಿಯಾಗಿತ್ತೋ ಪಾಪ!"

ವನಜಾ ಸೆರಗಿನ ತುದಿಯನ್ನು ಬಾಯೊಳಗೆ ಕಚ್ಚಿ ಹಿಡಿದು ನಿಂತಿದ್ದಳು. ಅವಳ ಭುಜ ಅದುರುತ್ತಿತ್ತು. ಕೆಮ್ಮಿದರೆ ಚಿಕ್ಕಮ್ಮ ನೊಂದುಕೊಂಡಾರು ಎಂದು ಕೆಮ್ಮನ್ನು ಹಲ್ಲಿನಲ್ಲಿ ಹಿಡಿದಿದ್ದಳು. ನನಗೆ ತಡೆಯಲಾಗಲಿಲ್ಲ.

"ಇದೆ ಚಿಕ್ಕಮ್ಮ!" ಎಂದು ಕೂಗಿದೆ. "ಘಾಟಿದೆ. ಬೇಕಾದಷ್ಟಿದೆ. ಕಣ್ಣು ಉರೀತಿದೆ, ಎಲ್ಲರಿಗೂ ಉರೀತಿದೆ, ಯಾಕೆ ಸುಳ್ಳು ಹೇಳ್ತೀರಿ?"

ಆ ಹೊತ್ತಿಗೆ ವನಜಾಳ ಬಾಯಿಂದ ಸೆರಗು ಜಾರಿತು. ಗೋಡೆ ಹಿಡಿದು ಬಗ್ಗಿದಳು. ಮೆಟ್ಟಿಲ ಮೇಲೆ ಬಂದಿದ್ದ ಅದೇ ಕೆಮ್ಮು, ಅದೇ ತೆರೆದ ಬಾಯಿ. ನಾನು ಬಾಣಲೆಯನ್ನು ಕಾಲಿನಿಂದ ಬೀದಿಗೆ ನೂಕಿ ಅವಳನ್ನು ತಬ್ಬಿ ಹಿಡಿದೆ. ಪಂಪಿಗಾಗಿ ಕೈಚೀಲ ತಡಕಾಡಿದೆ.

ಚಿಕ್ಕಮ್ಮ ಒಂದು ಗಳಿಗೆ ಗಾಬರಿಯಿಂದ ನೋಡುತ್ತ ನಿಂತರು. ಆಮೇಲೆ ನನ್ನ ಮಾತು ಅವರಿಗೆ ಅರ್ಥವಾಯಿತು. ಮುಖ ಅರಳಿತು. ವನಜಾಳ ಬೆನ್ನು ಸವರುತ್ತ, ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟು ಹೇಳಿದರು: "ಘಾಟು ಬಂತೇನೋ? ಹಂಗಾದ್ರೆ ಇನ್ನೇನಪ್ಪ, ಏನೂ ಆಗಿಲ್ಲ ಬುಡು ಇವಳಿಗೆ."